ಮಳೆಯ ಪಾಲು

ಆಸಾಡಿ ತಿಂಗಳ ಒಂದು ರಾತ್ರಿ ಹೊಸಕೋಣೆಯ ಕಡೆಯಿಂದ ದೊಪ್ಪೆಂದು ಸದ್ದು ಕೇಳಿಸಿತು. ತೆಂಗಿನಕಾಯಿ ಬಿದ್ದಿರಬೇಕು ಎಂದುಕೊಂಡು ಮಗ್ಗುಲು ಬದಲಿಸಿ ಮಲಗಿದೆ. ಬೆಳಿಗ್ಗೆ ಬಾಗಿಲು ತೆರೆದರೆ ಮಂಚದ ಮೇಲೆ, ಸರಿಯಾಗಿ ತಲೆದಿಂಬಿನ ಜಾಗದಲ್ಲಿ, ಊಟದ ತಟ್ಟೆಯಷ್ಟು ಅಗಲದ ಕಾಂಕ್ರೀಟಿನ ಚಕ್ಕೆ ಬಿದ್ದಿತ್ತು. ಮೇಲೆ ತಾರಸಿಯ ಹೊಟ್ಟೆ ಬಿರಿದು ಎರಡು ಸರಳುಗಳು ಕಾಣುತ್ತಿದ್ದವು. ಸ್ಟೂಲು ಹತ್ತಿ ಒಂದನ್ನು ಮುಟ್ಟಿದೆ. ಕಬ್ಬಿಣ ಪದರ ಪದರವಾಗಿ ಅಂಗೈಗೆ ಉದುರಿತು.

ಆ ಕೋಣೆಯನ್ನು ನಾವು ಈಗಲೂ ಹೊಸಕೋಣೆ ಎಂದೇ ಕರೆಯುತ್ತೇವೆ. ಅಪ್ಪಯ್ಯ ಅದನ್ನು ಕಟ್ಟಿಸಿದ್ದು 1994ರಲ್ಲಿ. ಅದು ಅಂಟಿಕೊಂಡಿರುವ ಹಳೆಯ ಮನೆ ಅಜ್ಜನ ಕಾಲದ್ದು. ಕಡಿಮೆಯೆಂದರೂ ತೊಂಬತ್ತು ವರ್ಷ ಆಗಿರಬೇಕು. ಆ ರಾತ್ರಿ ಅಮ್ಮ ಮಲಗಿದ್ದು ಹಳೆಯ ಮನೆಯ ಚಾವಡಿಯಲ್ಲಿ, ಹಂಚಿನ ಮಾಡಿನ ಕೆಳಗೆ. ಅಲ್ಲಿ ಒಂದು ಹನಿಯೂ ಸೋರಿರಲಿಲ್ಲ. ಮೂವತ್ತು ವರ್ಷ ತುಂಬದ ಕಾಂಕ್ರೀಟು ಸೋತು ತೊಂಬತ್ತು ವರ್ಷದ ಹಂಚು ಗೆದ್ದದ್ದು ಹೇಗೆ ಎಂಬ ಪ್ರಶ್ನೆ ಅಂದು ನನ್ನನ್ನು ಹಿಡಿದುಕೊಂಡಿತು. ಈ ಮೂರು ವರ್ಷಗಳಲ್ಲಿ ಮನೆಯ ಬಗ್ಗೆ ನಾನು ಕಲಿತದ್ದೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿಯೇ.

ನಮ್ಮ ಊರು ಬ್ರಹ್ಮಾವರದಿಂದ ಪಶ್ಚಿಮಕ್ಕೆ, ಸೀತಾನದಿ ಕಡಲು ಸೇರುವ ಕಡೆಯಲ್ಲಿದೆ. ಮನೆಯಿಂದ ಕಡಲಿಗೆ ಒಂದೂವರೆ ಕಿಲೋಮೀಟರ್. ಮಳೆಗಾಲದ ರಾತ್ರಿ ಕಡಲಿನ ಮೊರೆತ ಅಂಗಳದಲ್ಲೇ ಕುಳಿತಂತೆ ಕೇಳುತ್ತದೆ. ಈ ಕರಾವಳಿಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಬೆಂಗಳೂರು ಮೂರೂವರೆ ವರ್ಷದಲ್ಲಿ ಕಾಣುವಷ್ಟನ್ನು ನಾವು ಬಹುಮಟ್ಟಿಗೆ ಜೂನಿನಿಂದ ಸೆಪ್ಟೆಂಬರ್ ಒಳಗೆ ಕಾಣುತ್ತೇವೆ. ಮಳೆ ಬಾರದ ತಿಂಗಳುಗಳಲ್ಲೂ ಪಡುಗಾಳಿ ತೇವವನ್ನೂ ಉಪ್ಪನ್ನೂ ಹೊತ್ತು ತರುತ್ತದೆ. ಜಗಲಿಯ ಕಿಟಕಿಯ ಸರಳನ್ನು ಸಂಜೆ ಬೆರಳಿನಿಂದ ಒರೆಸಿ ನಾಲಿಗೆಗೆ ತಾಗಿಸಿದರೆ ಉಪ್ಪಿನ ರುಚಿ ಹತ್ತುತ್ತದೆ.

ಹೊಸಕೋಣೆಯ ಕಥೆ ಆ ಉಪ್ಪಿನಿಂದಲೇ ಶುರುವಾಗಿತ್ತು. ಕಾಂಕ್ರೀಟಿನ ಒಳಗೆ ಸಿಮೆಂಟಿನ ಕ್ಷಾರ ಸರಳಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪದರವನ್ನು ಕಟ್ಟಿಕೊಡುತ್ತದೆ. ಅದು ಇರುವವರೆಗೆ ತುಕ್ಕು ಹತ್ತುವುದಿಲ್ಲ. ಉಪ್ಪಿನಲ್ಲಿರುವ ಕ್ಲೋರೈಡ್ ಆ ಪದರವನ್ನು ಒಡೆಯುತ್ತದೆ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಜಾಗ ಕೇಳುತ್ತದೆ; ಜಾಗ ಸಿಗದಿದ್ದಾಗ ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಉಪ್ಪು ಗಾಳಿಯಿಂದ ಮಾತ್ರ ಬಂದಿರಲಿಲ್ಲ. ಕೋಣೆಗೆ ತಾರಸಿ ಹಾಕಿದ್ದು ಏಪ್ರಿಲ್ ಕೊನೆಯಲ್ಲಿ. ಆ ಹೊತ್ತಿಗೆ ನಮ್ಮ ಬಾವಿಯ ನೀರಿಗೆ ನದಿಯ ಉಪ್ಪು ಸೇರಿಕೊಂಡು, ಕುಡಿಯಲು ಮೇಲಿನ ಮನೆಯಿಂದ ಕೊಡ ಹೊತ್ತು ತರುತ್ತಿದ್ದೆವು. ಕಾಂಕ್ರೀಟು ಕಲಸಿದ್ದು ನಮ್ಮ ಬಾವಿಯ ನೀರಿನಲ್ಲೇ. ಅದು ಗಟ್ಟಿಯಾಗಲೆಂದು ಅಪ್ಪಯ್ಯ ದಿನಕ್ಕೆ ಮೂರು ಹೊತ್ತು, ಮೂರು ವಾರ, ತಾವೇ ಕೊಡಪಾನ ಹೊತ್ತು ನೀರುಣಿಸಿದರು. ಅವರು ಅಷ್ಟು ಅಕ್ಕರೆಯಿಂದ ಉಣಿಸಿದ ನೀರಿನಲ್ಲಿ ಉಪ್ಪಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಬಿದ್ದ ಚಕ್ಕೆಯ ದಪ್ಪವನ್ನು ಅಳೆದೆ. ಹದಿನೈದು ಮಿಲಿಮೀಟರ್. ನಮ್ಮ ದೇಶದಲ್ಲಿ ಕಾಂಕ್ರೀಟಿಗೆ ಅನ್ವಯಿಸುವ ಮಾನದಂಡ ಐಎಸ್ 456. ಅದರ 2000ದ ಆವೃತ್ತಿ ಕಡಲತೀರದ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟನ್ನು ‘ತೀವ್ರ’ ಎಂಬ ವರ್ಗದಲ್ಲಿ ಇಟ್ಟು, ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ದಪ್ಪದ ಕಾಂಕ್ರೀಟಿನ ಹೊದಿಕೆ ಇರಬೇಕು ಎನ್ನುತ್ತದೆ. ಉಪ್ಪುಗಾಳಿಯಿಂದ ಮರೆಯಾದ ಭಾಗಕ್ಕೂ 30 ಬೇಕು. ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಹಳ್ಳಿಯಲ್ಲಿ ಕೋಣೆ ಕಟ್ಟಿಸುವವರಿಗೆ ಇದನ್ನು ಹೇಳುವವರು ಅಂದು ಯಾರೂ ಇರಲಿಲ್ಲ. ಇಂದು ಕಡಲ ಹತ್ತಿರ ಮನೆ ಕಟ್ಟಿಸುತ್ತಿರುವವರು ಬೇರೇನನ್ನು ಮರೆತರೂ ಈ ಎರಡನ್ನು ಮರೆಯಬಾರದು ಎಂದು ಕೈಮುಗಿದು ಕೇಳುತ್ತೇನೆ. ತಾರಸಿ ಹಾಕುವ ದಿನ, ಆ ಹೊದಿಕೆಗೆ ಜಾಗ ಉಳಿಯುವಂತೆ, ಸರಳಿನ ಕೆಳಗೆ ಸಿಮೆಂಟಿನ ಬಿಲ್ಲೆಗಳನ್ನು ಇಟ್ಟಿದ್ದಾರೆಯೇ ಎಂದು ನೀವೇ ಬಗ್ಗಿ ನೋಡಿ. ಬಾವಿಯ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ.

ಚಕ್ಕೆ ಬಿದ್ದ ಮೇಲೆ ಒಬ್ಬ ಗುತ್ತಿಗೆದಾರರು ಬಂದು ಸಿಮೆಂಟು ಮೆತ್ತಿ, ಬಣ್ಣ ಹೊಡೆದು ಹೋದರು. ಮುಂದಿನ ಮಳೆಗೆ ಅದೂ ಬಿತ್ತು. ತುಕ್ಕು ಹಿಡಿದ ಸರಳನ್ನು ಹಾಗೆಯೇ ಬಿಟ್ಟು ಮೇಲೆ ಮೆತ್ತಿದರೆ ನಿಲ್ಲುವುದಿಲ್ಲ. ಸರಳಿನ ಹಿಂದೆ ಬೆರಳು ಹೋಗುವಷ್ಟು ಒಡೆದು, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಸತುವಿನ ಲೇಪ ಕೊಟ್ಟು, ಆಮೇಲೆ ಪಾಲಿಮರ್ ಬೆರೆಸಿದ ಗಾರೆ ತುಂಬಬೇಕು. ಎರಡನೆಯ ಸಲ ಹಾಗೆ ಮಾಡಿಸಿದೆವು. ಆ ಜಾಗ ಗಟ್ಟಿಯಾಗಿದೆ. ಆದರೆ ಉಪ್ಪು ಇಡೀ ತಾರಸಿಯಲ್ಲಿ ಹರಡಿದೆ. ಈಗ ಎರಡು ಅಡಿ ಆಚೆ ಹೊಸ ಬಿರುಕು ಕಾಣಿಸಿಕೊಂಡಿದೆ. ಮಂಚವನ್ನು ಆ ಕೋಣೆಯಿಂದ ತೆಗೆದಿದ್ದೇವೆ.

ಆ ವರ್ಷ ಮಳೆ ಬಿಟ್ಟ ಮೇಲೆ ಪಡುಗೋಡೆಗೆ ಮಳೆಯ ಮರೆಯಾಗಿ ಕಟ್ಟಿದ್ದ ಮಡಲ ತಟ್ಟಿಗಳನ್ನು, ಅಂದರೆ ತೆಂಗಿನ ಗರಿ ಹೆಣೆದ ತಡಿಕೆಗಳನ್ನು, ಬಿಚ್ಚುತ್ತಿದ್ದೆವು. ಜೂನಿನಲ್ಲಿ ಹಸಿರು ಬಿಡದೆ ಇದ್ದವು ನಾಲ್ಕೇ ತಿಂಗಳಲ್ಲಿ ಕಪ್ಪಾಗಿ, ಮುಟ್ಟಿದರೆ ಪುಡಿಯಾಗುವಷ್ಟು ಲಡ್ಡಾಗಿದ್ದವು. ಇಷ್ಟು ಕಷ್ಟಪಟ್ಟು ಹೆಣೆದದ್ದು ಹಾಳಾಯಿತಲ್ಲ ಎಂದೆ. ಅಮ್ಮ ಅವನ್ನು ಬಚ್ಚಲ ಒಲೆಯ ಪಕ್ಕ ಒಟ್ಟುತ್ತ, “ಅದು ಮಳೆಯ ಪಾಲು. ಮಳೆಗೆ ಅದರ ಪಾಲು ಕೊಡದಿದ್ದರೆ ಅದು ಗೋಡೆಯನ್ನೇ ಕೇಳುತ್ತದೆ” ಎಂದಳು. ಗದ್ದೆಯಲ್ಲಿ ಹಕ್ಕಿಯ ಪಾಲು ಎಂದು ಒಂದಿಷ್ಟು ತೆನೆ ಬಿಡುವಂತೆ ಎಷ್ಟು ಸಹಜವಾಗಿ ಹೇಳಿದಳೆಂದರೆ, ಅವಳಿಗೆ ಅದು ಹೊಸ ಮಾತೇ ಆಗಿರಲಿಲ್ಲ. ನನಗೆ ಮಾತ್ರ ಹಳೆಯ ಮನೆಯ ಒಂದೊಂದು ಭಾಗವೂ ಆ ಮಾತಿನ ಬೆಳಕಿನಲ್ಲಿ ಬೇರೆಯಾಗಿ ಕಾಣತೊಡಗಿತು. ಆ ಮನೆ ತಾನು ಕೆಡುವುದಿಲ್ಲ ಎಂದು ಎಲ್ಲೂ ಹೇಳಿಕೊಂಡಿಲ್ಲ. ಪ್ರತಿ ವರ್ಷ ಕೆಡುವುದಕ್ಕೆಂದೇ ಅಗ್ಗದ್ದೊಂದನ್ನು, ಮತ್ತೆ ಸಿಗುವಂಥದ್ದೊಂದನ್ನು ಮುಂದೆ ನಿಲ್ಲಿಸಿಕೊಂಡಿದೆ. ಹೊಸಕೋಣೆಗೆ ಹಾಗೆ ಕೊಡಲು ಏನೂ ಇರಲಿಲ್ಲ. ಅದು ತನ್ನ ಸರಳನ್ನೇ ಕೊಟ್ಟಿತು.

ಹಂಚನ್ನೇ ನೋಡಿ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ, 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದರು. ಅದಕ್ಕೆ ಮೊದಲು ನಮ್ಮ ಕಡೆ ಹೆಚ್ಚಿನ ಮನೆಗಳಿಗೆ ಹುಲ್ಲಿನ ಅಥವಾ ಮಡಲಿನ ಮಾಡು. ನದಿಯ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟ ಈ ಹಂಚಿನ ಜಾಣ್ಮೆ ಇರುವುದು ಅದರ ಅಂಚಿನಲ್ಲಿ. ಒಂದರ ಏಣು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ. ಹಿಂಬದಿಯ ಸಣ್ಣ ಮೂಗು ಕೆಳಗಿನ ಮರದ ಅಡ್ಡಪಟ್ಟಿಯನ್ನು, ಅಂದರೆ ರೀಪನ್ನು, ಹಿಡಿದುಕೊಳ್ಳುತ್ತದೆ. ಮೊಳೆ ಇಲ್ಲ, ಗಾರೆ ಇಲ್ಲ. ಹಾಗಾಗಿ ಸಾವಿರ ಹಂಚಿನ ಮಾಡಿನಲ್ಲಿ ಕೆಟ್ಟ ಒಂದನ್ನು ಮಾತ್ರ ಕೈಯಿಂದ ಎತ್ತಿ ತೆಗೆದು, ಬೇರೊಂದನ್ನು ಕೂರಿಸಬಹುದು. ಅಕ್ಕಪಕ್ಕದವಕ್ಕೆ ಏನೂ ಆಗುವುದಿಲ್ಲ. ತಾರಸಿಯಲ್ಲಿ ಇದು ಸಾಧ್ಯವಿಲ್ಲ. ಅಲ್ಲಿ ಎಲ್ಲಿ ಬಿರುಕಿದೆ, ನೀರು ಎಲ್ಲಿ ಇಳಿದು ಎಲ್ಲಿ ತೊಟ್ಟಿಕ್ಕುತ್ತಿದೆ ಎಂಬುದು ಗೊತ್ತಾಗುವುದರೊಳಗೆ ಎರಡು ಮಳೆಗಾಲ ಕಳೆಯುತ್ತದೆ.

ವರ್ಷಕ್ಕೊಮ್ಮೆ ಮಾಡಿಗೆ ಕೈಯಾಡಿಸಬೇಕು. ತುಳುನಾಡಿನಲ್ಲಿ ಪತ್ತನಾಜೆ, ಅಂದರೆ ಮೇ 24ರ ಆಸುಪಾಸು, ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ. ಅಪ್ಪಯ್ಯ ಅದನ್ನೇ ಮನೆಯ ಕೆಲಸಕ್ಕೂ ಗಡುವಾಗಿ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಮೇಸ್ತ್ರಿ ಮಾಡು ಹತ್ತಿ, ಒಂದು ಬದಿಯಿಂದ ಸಾಲಾಗಿ ಹಂಚುಗಳನ್ನು ಎತ್ತಿ, ಸಂದಿಯಲ್ಲಿ ಸಿಕ್ಕಿಕೊಂಡ ಎಲೆ, ಹಾವಸೆ, ಇಲಿ ಗೂಡಿನ ನಾರನ್ನೆಲ್ಲ ಗುಡಿಸಿ ಮತ್ತೆ ಕೂರಿಸುತ್ತಾರೆ. ಸಂದಿಯ ಕಸವೇ ಸೋರಿಕೆಗೆ ದೊಡ್ಡ ಕಾರಣ. ಕಾಲುವೆ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ಹೊರಳಿ ಒಳಗೆ ಇಳಿಯುತ್ತದೆ. ಹಂಚು ಒಡೆದಿರಲೇಬೇಕೆಂದಿಲ್ಲ. ಮಾಡಿನ ಮೇಲೆ ನಡೆಯುವಾಗ ಹಂಚಿನ ನಡುವೆ ಕಾಲಿಡಬಾರದು, ಕೆಳಗೆ ರೀಪು ಇರುವ ಕಡೆ, ಎರಡು ಹಂಚು ಒಂದರ ಮೇಲೊಂದು ಬರುವ ಸಾಲಿನ ಮೇಲೆ ಇಡಬೇಕು. ಇದನ್ನು ನನಗೆ ಕಲಿಸಿದ್ದು ಅಪ್ಪಯ್ಯನ ಕಾಲದಿಂದ ಬರುತ್ತಿರುವ ಮೇಸ್ತ್ರಿ. ಅವರಿಗೆ ಈಗ ಎಪ್ಪತ್ತರ ಹತ್ತಿರ. ಕಳೆದ ವರ್ಷ ಏಣಿಯ ಬುಡದಲ್ಲಿ ನಿಂತು, “ತಂಗಿ, ಇನ್ನು ನೀವೇ ಹತ್ತುವುದು ಕಲಿಯಬೇಕು. ನನ್ನ ಹುಡುಗರಿಗೆ ತಾರಸಿ ಕೆಲಸ ಮಾತ್ರ ಬರುತ್ತದೆ” ಎಂದರು.

ಆಮೇಲೆ ಮೊದಲ ದೊಡ್ಡ ಮಳೆಯ ರಾತ್ರಿ. ನಾವು ಚಿಕ್ಕವರಿದ್ದಾಗ ಆ ರಾತ್ರಿ ಮನೆಯವರೆಲ್ಲ ಎದ್ದಿರುತ್ತಿದ್ದೆವು. ಅಪ್ಪಯ್ಯ ಟಾರ್ಚು ಹಿಡಿದು ಕೋಣೆಯಿಂದ ಕೋಣೆಗೆ ಕತ್ತೆತ್ತಿಕೊಂಡು ನಡೆಯುವರು, ನಾವು ಹಿಂದೆ. ಹನಿ ಬಿದ್ದಲ್ಲಿ ಅಮ್ಮ ಪಾತ್ರೆ ಇಡುವ ಮೊದಲು ಅಪ್ಪಯ್ಯ ನೆಲದ ಮೇಲೆ ಇದ್ದಿಲಿನಿಂದ ಒಂದು ಗುರುತು ಹಾಕುತ್ತಿದ್ದರು. ಸಣ್ಣ ಸೋರಿಕೆಯಾದರೆ ಒಳಗಿನಿಂದಲೇ ಉದ್ದನೆಯ ಕೋಲಿನ ತುದಿಯಿಂದ ಹಂಚನ್ನು ಮೆಲ್ಲಗೆ ತಳ್ಳಿ ಕೂರಿಸುವರು. ಆಗದಿದ್ದರೆ ಮಳೆ ಬಿಡುವು ಕೊಟ್ಟ ದಿನ ಇದ್ದಿಲಿನ ಗುರುತಿನ ನೇರಕ್ಕೆ ಮೇಲೆ ಹುಡುಕುವರು.

ಈಗ ಹಂಚು ಸಿಗುವುದೇ ಕಷ್ಟ. ಮಂಗಳೂರು, ಕುಂದಾಪುರದ ಸುತ್ತಲಿನ ಹಲವು ಕಾರ್ಖಾನೆಗಳು ಮುಚ್ಚಿವೆ. ಕೆಡವಿದ ಮನೆಗಳ ಹಳೆಯ ಹಂಚನ್ನು ಕೊಂಡು ತರುತ್ತೇವೆ. ಆದರೆ ಒಂದು ಕಾರ್ಖಾನೆಯ ಅಚ್ಚು ಇನ್ನೊಂದರದ್ದಕ್ಕೆ ಸರಿಯಾಗಿ ಹೊಂದುವುದಿಲ್ಲ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗಾಳಿಮಳೆಗೆ ಸೋರುತ್ತದೆ. ಆದ್ದರಿಂದ ಹಂಚು ತರಲು ಹೋಗುವಾಗ ನಮ್ಮ ಮಾಡಿನದೊಂದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ, ಕೂರಿಸಿ ನೋಡಿಯೇ ಆರಿಸುತ್ತೇನೆ. ಕಳೆದ ಬೇಸಿಗೆಯಲ್ಲಿ ಅರವತ್ತು ಹಂಚಿಗಾಗಿ ಮೂರು ಊರು ಸುತ್ತಿದೆ. ನಿಮ್ಮ ಊರಿನಲ್ಲಿ ಯಾರಾದರೂ ಹಂಚಿನ ಮನೆ ಕೆಡವುತ್ತಿದ್ದರೆ ನೂರು ಹಂಚನ್ನಾದರೂ ತಂದು ಕೊಟ್ಟಿಗೆಯ ಹಿಂದೆ ಜೋಡಿಸಿಟ್ಟುಕೊಳ್ಳಿ.

ಮಾಡಿನ ಮರಗಳ ವಿಷಯ ಬೇರೆ. ನಮ್ಮ ತೊಲೆಗಳು ಕಿರಾಲುಬೋಗಿ, ಗೆದ್ದಲು ಸುಲಭಕ್ಕೆ ಮುಟ್ಟದ ಮರ. ರೀಪುಗಳನ್ನು ಹೊರುವ ಇಳಿಜಾರಿನ ಪಕ್ಕಾಸುಗಳು ತಾಳೆಯವು. ಇವನ್ನು ಇಷ್ಟು ವರ್ಷ ಕಾಯ್ದದ್ದು ಅಡುಗೆಮನೆಯ ಹೊಗೆ ಎಂಬುದು ಒಲೆ ಹೋದ ಮೇಲೆ ತಿಳಿಯಿತು. ಸೌದೆ ಒಲೆಯ ಹೊಗೆ ದಿನವೂ ಅಟ್ಟವನ್ನು ಹಾದು ಹಂಚಿನ ಸಂದಿಯಿಂದ ಹೊರಹೋಗುತ್ತಿತ್ತು. ಅದು ಮರವನ್ನು ಒಣಗಿಸುತ್ತಿತ್ತು, ಅದರ ಮಸಿಯ ಜಿಡ್ಡು ಹುಳುವನ್ನು ದೂರ ಇಡುತ್ತಿತ್ತು. ಗ್ಯಾಸು ಬಂದ ಮೇಲೆ ಅಮ್ಮನ ಕೆಮ್ಮು ನಿಂತಿತು. ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ, ಆ ಹೊಗೆ ಮತ್ತೆ ಬರಲಿ ಎಂದು ನಾನು ಬಯಸುವುದಿಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಕೈಯಿಂದ ಮಾಡಬೇಕಾಗಿದೆ. ಎರಡು ವರ್ಷಕ್ಕೊಮ್ಮೆ ಜನವರಿ ಫೆಬ್ರುವರಿಯ ಒಣಹವೆಯಲ್ಲಿ ಪಕ್ಕಾಸಿನ ತುದಿಗಳಿಗೆ, ಬಾಗಿಲ ದಾರಂದದ ಬುಡಕ್ಕೆ ಗೇರೆಣ್ಣೆ ಹಚ್ಚುತ್ತೇವೆ. ಗೇರುಬೀಜದ ಸಿಪ್ಪೆಯ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಸುಟ್ಟಂತೆ ಬೊಬ್ಬೆ ಏಳುತ್ತದೆ, ಕೈಗವಸಿಲ್ಲದೆ ಮುಟ್ಟಬೇಡಿ.

ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಒರಲೆ, ನೆಲದ ತೇವವನ್ನು ಬಿಟ್ಟು ಹೆಚ್ಚು ದೂರ ಹೋಗದು. ಹೋಗುವಾಗ ಮಣ್ಣಿನ ಸುರಂಗ ಕಟ್ಟಿಕೊಂಡೇ ಹೋಗುತ್ತದೆ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ನಡುವೆ ಒಂದು ಅಂಗುಲ ಕೆರೆದು ಬಿಡಿ. ಒಂದೆರಡು ದಿನದಲ್ಲಿ ಅದು ಮತ್ತೆ ಮುಚ್ಚಿಕೊಂಡಿದ್ದರೆ ಒಳಗೆ ಜೀವ ಇದೆ ಎಂದರ್ಥ. ಮೊದಲ ಮಳೆಯ ಸಂಜೆ ದೀಪದ ಸುತ್ತ ಹಾರುವ ಮಳೆಹುಳುಗಳು ರೆಕ್ಕೆ ಬಂದ ಗೆದ್ದಲುಗಳೇ; ಹೊರಗಿನಿಂದ ಬಂದರೆ ಚಿಂತೆಯಿಲ್ಲ. ಮುಚ್ಚಿದ ಕೋಣೆಯೊಳಗೆ, ಗೋಡೆಯ ಬುಡದಲ್ಲಿ ಉದುರಿದ ರೆಕ್ಕೆಗಳು ಸಿಕ್ಕಿದರೆ ಮಾತ್ರ ತಡಮಾಡಬಾರದು.

ನನಗೆ ಅತಿ ಹೆಚ್ಚು ಕಲಿಸಿದ್ದು ಪಡುಗೋಡೆ. ನಮ್ಮ ಗೋಡೆಗಳು ಮುರಕಲ್ಲಿನವು. ಈ ಕಲ್ಲನ್ನು ಮಲಬಾರಿನಲ್ಲಿ ಕಂಡ ಬ್ರಿಟಿಷ್ ಸಮೀಕ್ಷಕ ಫ್ರಾನ್ಸಿಸ್ ಬುಕನನ್, ಇಟ್ಟಿಗೆಗೆ ಇರುವ ಲ್ಯಾಟಿನ್ ಮಾತಿನಿಂದ ಅದಕ್ಕೆ 1807ರಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟ. ನೆಲದೊಳಗೆ ಕತ್ತಿಯಿಂದ ಕಡಿಯುವಷ್ಟು ಮೆತ್ತಗಿದ್ದು ಗಾಳಿ ತಾಗಿದ ಮೇಲೆ ಗಟ್ಟಿಯಾಗುವ ಕಲ್ಲು ಇದು. ಮೈತುಂಬ ತೂತು; ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಉಸಿರಿನಂತೆ ಹೊರಗೆ ಬಿಡುತ್ತದೆ. ಅದರ ಮೇಲೆ ಅಜ್ಜನ ಕಾಲದಿಂದ ಇದ್ದದ್ದು ಸುಣ್ಣದ ಸಾರಣೆ, ಮೇಲೆ ವರ್ಷವರ್ಷದ ಸುಣ್ಣ. 2011ರಲ್ಲಿ ಅಂಗಡಿಯವರ ಮಾತು ಕೇಳಿ ಅಪ್ಪಯ್ಯ ಆ ಗೋಡೆಗೆ ನೀರು ತಡೆಯುವ ಪ್ಲಾಸ್ಟಿಕ್ ಬಣ್ಣ ಹೊಡೆಸಿದರು. ಒಂದು ಬೇಸಿಗೆ ಗೋಡೆ ಮಿನುಗಿತು. ಮಳೆಗಾಲದಲ್ಲಿ ನೆಲದಿಂದ ಏರಿದ ತೇವಕ್ಕೂ ಬಿರುಕಿನಿಂದ ಇಳಿದ ನೀರಿಗೂ ಹೊರಗೆ ಹೋಗಲು ದಾರಿಯಿಲ್ಲದೆ ಬಣ್ಣ ಬೊಬ್ಬೆ ಬೊಬ್ಬೆಯಾಗಿ ಎದ್ದಿತು. ಬೊಬ್ಬೆಯನ್ನು ಒಡೆದರೆ ಒಳಗೆ ಹತ್ತಿಯಂತೆ ಬಿಳಿಯ ಉಪ್ಪು. ಕೆರೆಯಲು ಹೋದಾಗ ಬಣ್ಣದ ಜೊತೆ ಎಂಬತ್ತು ವರ್ಷದ ಸಾರಣೆಯೂ ಹಾಳೆ ಹಾಳೆಯಾಗಿ ಕಿತ್ತು ಬಂತು.

ಈಗ ಮತ್ತೆ ಸುಣ್ಣ. ಹೊಳೆಯ ಚಿಪ್ಪನ್ನು ಸುಟ್ಟ ಸುಣ್ಣಕ್ಕೆ ನೀರು ಹೊಯ್ದರೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ಹತ್ತಿರ ಬಿಡಬಾರದು, ಕಣ್ಣಿಗೆ ಸಿಡಿದರೆ ಅಪಾಯ. ತಣಿದ ಮೇಲೆ ಸೋಸಿ, ಅಂಟಿಗೆ ಗಂಜಿ ಬೆರೆಸಿ, ಹೊರಗೋಡೆಗಾದರೆ ಚಿಟಿಕೆ ಮೈಲುತುತ್ತು ಸೇರಿಸಿ ತೆಳುವಾಗಿ ಮೂರು ಸಲ ಹಚ್ಚುತ್ತೇವೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಇರುವುದೂ ಇವೇ ಎರಡು, ಸುಣ್ಣ ಮತ್ತು ಮೈಲುತುತ್ತು. ತೋಟದಲ್ಲಿ ಕೊಳೆಯನ್ನು ತಡೆಯುವುದೇ ಗೋಡೆಯಲ್ಲಿ ಹಾವಸೆಯನ್ನೂ ಬೂಷ್ಟನ್ನೂ ತಡೆಯುತ್ತದೆ. ಹಚ್ಚಿದ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಚಿಪ್ಪು ಯಾವುದರಿಂದ ಆಗಿತ್ತೋ ಅದೇ ಆಗುತ್ತದೆ. ಹೊಳೆಯಲ್ಲಿ ಜೀವವೊಂದನ್ನು ಕಾಯುತ್ತಿದ್ದ ಚಿಪ್ಪು ಬೆಂಕಿಯನ್ನು ಹಾದು ಬಂದು ನಮ್ಮ ಗೋಡೆಯ ಮೇಲೆ ಮತ್ತೆ ಚಿಪ್ಪಾಗುವುದನ್ನು ತಿಳಿದ ದಿನ ನನಗಾದ ಸಂತೋಷ ಸಣ್ಣದಲ್ಲ. ಮಳೆಗಾಲ ಕಳೆಯುವಾಗ ಅರ್ಧ ಸುಣ್ಣ ತೊಳೆದು ಹೋಗಿರುತ್ತದೆ. ಅದು ಮಳೆಯ ಪಾಲು.

ಕಬ್ಬಿಣಕ್ಕೂ ಇದೇ ನ್ಯಾಯ. ಸತು ಲೇಪಿಸಿದ ತಗಡಿನಲ್ಲಿ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಗೇಟು, ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯುವ ಮೊದಲು ಮರಳು ಕಾಗದದಿಂದ ಉಜ್ಜುವುದನ್ನು ಎಲ್ಲರೂ ಮಾಡುತ್ತಾರೆ. ಸಿಹಿನೀರಿನಿಂದ ತೊಳೆದು ಪೂರ್ತಿ ಒಣಗಿಸುವುದನ್ನು ಮರೆಯುತ್ತಾರೆ. ಬಣ್ಣದ ಕೆಳಗೆ ಉಪ್ಪು ಉಳಿದರೆ ಅದು ತೇವವನ್ನು ಎಳೆದುಕೊಂಡು ಒಳಗಿನಿಂದಲೇ ಬಣ್ಣವನ್ನು ಎಬ್ಬಿಸುತ್ತದೆ. ತೊಳೆದು, ರೆಡ್ ಆಕ್ಸೈಡ್ ಹಚ್ಚಿ, ಮೇಲೆ ಎರಡು ಸಲ ಬಣ್ಣ ಕೊಟ್ಟ ಗೇಟು ನಮ್ಮಲ್ಲಿ ಮೂರು ಮಳೆ ಕಂಡಿದೆ. ತೊಳೆಯದೆ ಹೊಡೆದದ್ದು ಒಂದನ್ನೂ ತಾಳಿರಲಿಲ್ಲ.

ಜುಲೈಯಲ್ಲಿ ಬಾಗಿಲುಗಳು ಉಬ್ಬಿ ದಾರಂದದಲ್ಲಿ ಸಿಕ್ಕಿಕೊಳ್ಳುತ್ತವೆ. ಆಗ ಬಡಗಿಯನ್ನು ಕರೆದು ಕೀಸುಳಿ ಹಾಕಿಸಬೇಡಿ. ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ; ಜನವರಿಗೆ ತಾನಾಗಿಯೇ ಇಳಿಯುತ್ತದೆ. ಮಳೆಗಾಲದಲ್ಲಿ ಕೀಸಿದ ನಮ್ಮ ದೇವರಕೋಣೆಯ ಬಾಗಿಲಿನಲ್ಲಿ ಬೇಸಿಗೆಗೆ ಇಲಿ ನುಗ್ಗುವಷ್ಟು ಸಂದಿಯಾಗಿದೆ. ಅಂಚಿಗೆ ಮೇಣದ ಬತ್ತಿ ಉಜ್ಜಿ ಆ ಎರಡು ತಿಂಗಳು ಕಳೆಯುವುದೇ ಲೇಸು.

ಗಾಳಿಯ ತೇವಾಂಶ ಶೇಕಡ ತೊಂಬತ್ತರ ಹತ್ತಿರ ವಾರಗಟ್ಟಲೆ ನಿಂತಾಗ ಪುಸ್ತಕ, ರೇಷ್ಮೆ ಸೀರೆ, ಚರ್ಮದ ಚಪ್ಪಲಿ ಎಲ್ಲದರ ಮೇಲೂ ಬೂಷ್ಟು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟ ಮೇಲೆ ನಮ್ಮಲ್ಲಿ ಅರ್ಧ ಕಡಿಮೆಯಾಯಿತು. ತಣ್ಣನೆಯ ಗೋಡೆಗೆ ಅಂಟಿದ ಜಾಗದಲ್ಲಿ ಗಾಳಿ ಆಡದೆ ತೇವ ಕೂರುತ್ತದೆ. ಮೊದಲೆಲ್ಲ ಕಪಾಟಿನೊಳಗೆ ಸಣ್ಣ ಬಲ್ಬು ಉರಿಸುತ್ತಿದ್ದರು. ಅದರ ಬಿಸಿಗೆ ಒಳಗಿನ ಗಾಳಿ ಒಣಗುತ್ತಿತ್ತು. ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿ ಇಲ್ಲ, ಆ ಕೆಲಸ ಆಗುವುದಿಲ್ಲ. ಕಿಟಕಿಗಳನ್ನು ಇಡೀ ದಿನ ತೆರೆದಿಡುವುದರಿಂದಲೂ ಲಾಭವಿಲ್ಲ. ಮಳೆ ನಿಂತು ಬಿಸಿಲು ಮೂಡಿದ ಗಳಿಗೆಯನ್ನು ಹಿಡಿದು ಎಲ್ಲವನ್ನೂ ತೆರೆಯಬೇಕು, ಮೋಡ ಕವಿದಾಗ ಮುಚ್ಚಬೇಕು. ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಆಗುವ ಕೆಲಸ ಇದು.

ವಿದ್ಯುತ್ತಿನ ಬಗ್ಗೆ ಒಂದೇ ಮಾತು. ತೇವದ ಗೋಡೆಯ ಮನೆಯಲ್ಲಿ ವಿದ್ಯುತ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ರಕ್ಷಕ ಸ್ವಿಚ್ಚು (ಆರ್‌ಸಿಸಿಬಿ) ಇರಲೇಬೇಕು. ಅದರ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ.

ಅಪ್ಪಯ್ಯ ತೀರಿಕೊಂಡ ಮೇಲೆ ಮೂರು ಮಳೆಗಾಲ ಈ ಮನೆಗೆ ಬೀಗ ಹಾಕಿತ್ತು. ಅಮ್ಮ ನಮ್ಮ ಜೊತೆ ಬೆಂಗಳೂರಿನಲ್ಲಿದ್ದಳು. ಬೇಸಿಗೆಯಲ್ಲಿ ಬಂದು ಎರಡು ದಿನ ಇದ್ದು, ಗುಡಿಸಿ, ಎಲ್ಲ ಸರಿಯಿದೆ ಎಂದುಕೊಂಡು ಹೋಗುತ್ತಿದ್ದೆವು. ಬೇಸಿಗೆಯಲ್ಲಿ ಬಂದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕೊಟ್ಟಿಗೆಯ ಬದಿಯಲ್ಲಿ ಒಂದು ಹಂಚು, ಮಂಗ ಹಾರಿತೋ ಕಾಯಿ ಬಿತ್ತೋ, ನಾಲ್ಕು ಬೆರಳಿನಷ್ಟು ಜರುಗಿತ್ತು. ಅಲ್ಲಿಂದ ಇಳಿದ ನೀರು ಒಂದು ಪಕ್ಕಾಸನ್ನು ಕೊಳೆಸಿತು, ಗೋಡೆಯ ನೆತ್ತಿಯನ್ನು ನೆನೆಸಿತು. ಆ ತೇವ ಹಿಡಿದು ಗೆದ್ದಲು ನೆಲದಿಂದ ಮಾಡಿನವರೆಗೆ ಏರಿತು. ನಾಲ್ಕನೆಯ ಬೇಸಿಗೆಗೆ ಬಂದಾಗ ಆ ಮೂಲೆಯ ಮಾಡು ಕುಸಿದು ನೆಲದ ಮೇಲಿತ್ತು. ಕೋಲಿನ ತುದಿಯಿಂದ ಐದು ನಿಮಿಷದಲ್ಲಿ ಸರಿಸಬಹುದಾಗಿದ್ದ ಹಂಚು ಅದು. ಕುಸಿದ ಮಾಡಿನ ಕೆಳಗೆ ನಿಂತು ಅಮ್ಮ, “ಇನ್ನು ನಾನು ಬರುವುದಿಲ್ಲ” ಎಂದಳು. ನಾನೂ ಇಲ್ಲಿಯೇ ಉಳಿದೆ. ನಮ್ಮ ಮನೆಯಿಂದ ಹೆದ್ದಾರಿಗೆ ನಡೆಯುವ ದಾರಿಯಲ್ಲಿ ಈಗ ಹಾಗೆ ಬೀಗ ಹಾಕಿದ ಮನೆಗಳು ಏಳಿವೆ. ಮಳೆಗಾಲದಲ್ಲಿ ಅವುಗಳ ಮುಂದೆ ಹೋಗುವಾಗ ಕತ್ತೆತ್ತಿ ಮಾಡನ್ನು ನೋಡುವುದು ನನಗೆ ಅಭ್ಯಾಸವಾಗಿದೆ. ಹಂಚು ಜರುಗಿದ್ದು ಕಂಡರೆ ಮನೆಯವರಿಗೆ ಫೋನು ಮಾಡುತ್ತೇನೆ.

ಇದೇ ದಾರಿಯಲ್ಲಿ ಇನ್ನೊಂದು ನೋಟವಿದೆ. ಇತ್ತೀಚಿನ ತಾರಸಿ ಮನೆಗಳೆಲ್ಲ ಒಂದೊಂದಾಗಿ ನೆತ್ತಿಯ ಮೇಲೆ ಕಂಬ ನಿಲ್ಲಿಸಿ ಇಳಿಜಾರಿನ ತಗಡು ಹೊದ್ದುಕೊಳ್ಳುತ್ತಿವೆ. ಹೊಸಕೋಣೆಗೂ ಕಳೆದ ವರ್ಷ ನಾವು ಅದನ್ನೇ ಮಾಡಿದೆವು. ಸೂರನ್ನು ಗೋಡೆಯಿಂದ ಮೂರು ಅಡಿ ಆಚೆಗೆ ಚಾಚಲು ಹೇಳಿದೆ. ತಾರಸಿ ಮಳೆ ನೋಡುವುದು ನಿಂತ ಮೇಲೆ ಹೊಸ ಬಿರುಕು ಬೆಳೆದಿಲ್ಲ. ಕಾಂಕ್ರೀಟು ಒಣಗಿದ್ದರೆ ತುಕ್ಕಿನ ವೇಗ ತಗ್ಗುತ್ತದೆ. ತಗಡಿನ ಮೊಳೆಯ ತಲೆಯಲ್ಲಿರುವ ರಬ್ಬರಿನ ಬಿಲ್ಲೆಗಳನ್ನು ಮಾತ್ರ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ.

ಇಂದು ಪತ್ತನಾಜೆ ಕಳೆದು ನಾಲ್ಕು ದಿನ. ಮಾಡಿಗೆ ಕೈಯಾಡಿಸಿ ಆಯಿತು. ಪಡು ಬದಿಯನ್ನು ನಾನೇ ಹತ್ತಿ ಮಾಡಿದೆ, ಮೇಸ್ತ್ರಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು ಎಲ್ಲಿ ಕಾಲಿಡಬೇಕೆಂದು ಹೇಳುತ್ತಿದ್ದರು. ಮನೆಯ ಸುತ್ತ ನೀರು ಹರಿಯುವ ಕಣಿ ಬಿಡಿಸಿದ್ದೇವೆ. ಅಂಗಳ ಹಾವಸೆ ಕಟ್ಟುವ ಮೊದಲು ಬಚ್ಚಲಿನವರೆಗೆ ಹಾಸಲು ಅಡಿಕೆ ದಬ್ಬೆ ತಂದಿಟ್ಟಿದ್ದೇವೆ. ತಟ್ಟಿಗೆ ಮಡಲು ಹೊಂದಿಸುವುದು ಈ ಸಲ ತಡವಾಯಿತು. ಸೀಳಿ, ಕೆರೆಯಲ್ಲಿ ನೆನೆಸಿದ ಮಡಲನ್ನು ಪಕ್ಕದ ಮನೆಯ ದೊಡ್ಡಮ್ಮ ಬಂದು ಹೆಣೆದುಕೊಡುತ್ತಿದ್ದಾರೆ. ಅವರ ಬೆರಳು ಓಡುವಷ್ಟು ವೇಗದಲ್ಲಿ ನನ್ನ ಕಣ್ಣೂ ಓಡುವುದಿಲ್ಲ. ನಾನು ಹೆಣೆದ ಒಂದು ತಟ್ಟಿಯನ್ನು ಅವರು ಬಿಚ್ಚಿಸಿ, ಎರಡನೆಯ ಸಲ ಹೆಣೆಸಿದರು. ಪಡುಗೋಡೆಗೆ ಹನ್ನೊಂದು ಬೇಕು. ಎಂಟು ಆಗಿವೆ. ಮಧ್ಯಾಹ್ನದಿಂದ ಕಡಲಿನ ಮೇಲೆ ಕಪ್ಪಾಗುತ್ತಿದೆ. ದೊಡ್ಡಮ್ಮ ಚಹಾ ಕುಡಿದು ಮತ್ತೆ ಚಾಪೆಯ ಮೇಲೆ ಕುಳಿತಿದ್ದಾರೆ, ಉಳಿದ ಮಡಲನ್ನು ಕೆರೆಯಿಂದ ತರಲು ನನ್ನನ್ನು ಕರೆಯುತ್ತಿದ್ದಾರೆ.